ಗಾಜಿನ ಹಿಂದಿನ ರಾಣಿ

ಯಶ್ಮಿತಾಗೆ ಮೊಟ್ಟಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು ಮುಖವೇ ಇಲ್ಲದ ಒಬ್ಬ ಹೆಂಗಸಿನ ಮೇಲೆ.

ಆ ಹೆಂಗಸಿಗೆ ಕಿರೀಟವಿತ್ತು, ಕೊರಳಿಗೆ ಮುತ್ತಿನ ಸರವಿತ್ತು, ಬೀಸಣಿಗೆ ಹಿಡಿದ ನೀಳವಾದ ಕೈಯಿತ್ತು. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಬಣ್ಣ ಉದುರಿ ಬರೀ ಗಾಜು, ಗಾಜಿನ ಹಿಂದೆ ಒಂದು ಸುಟ್ಟ ಬಲ್ಬು. ಇಷ್ಟಾದರೂ ಎದುರುಮನೆಯ ಮಧ್ವೇಶ ಅವಳನ್ನು ‘ರಾಣಿ’ ಎಂದು ಕರೆಯುತ್ತಿದ್ದ. ಬೆಳಿಗ್ಗೆ ಎದ್ದು ಮೊದಲು ಅವಳ ಧೂಳು ಒರೆಸುತ್ತಿದ್ದ. ಹತ್ತಿ, ಉಗುರುಬೆಚ್ಚಗಿನ ನೀರು, ಮತ್ತೆ ಅದೆಂಥ ಮೃದುವಾದ ಕೈ! ಯಶ್ಮಿತಾಳ ಹೆಗಲ ಮೇಲೆ ಕೂತ ಧೂಳನ್ನು ಅವನು ಒಮ್ಮೆಯೂ ಒರೆಸಿರಲಿಲ್ಲ.

ರಾಣಿ ಪುಣೆಯ ಧನಕವಡಿಯಲ್ಲಿನ ಅವರ ಅಪಾರ್ಟ್‌ಮೆಂಟ್ ಸೊಸೈಟಿಗೆ ಬಂದದ್ದು ಹಮಾಲರ ಹೆಗಲೇರಿ. ಅದೊಂದು ಹಳೇ ಪಿನ್‌ಬಾಲ್ ಯಂತ್ರ. ಉಕ್ಕಿನ ಚೆಂಡು ಚಿಮ್ಮಿಸಿ, ಗಂಟೆಗಳಿಗೆ ಬಡಿಸಿ ಆಡುವಂಥದ್ದು. ಊರಿನ ಕ್ಯಾಂಪ್ ಬಡಾವಣೆಯ ಯಾವುದೋ ಮುಚ್ಚಿಹೋದ ಕೆಫೆಯಲ್ಲಿ ಒಂದು ಕಾಲಕ್ಕೆ ಕಾಲೇಜು ಹುಡುಗರಿಗೆಲ್ಲ ಕ್ಲಾಸು ತಪ್ಪಿಸಿದ್ದು. ಮಂಚದಷ್ಟು ಉದ್ದ, ತಲೆಯ ಕಡೆ ನೆಟ್ಟಗೆ ನಿಂತ ದೊಡ್ಡ ಪೆಟ್ಟಿಗೆ, ಆ ಪೆಟ್ಟಿಗೆಯ ಮುಂಬದಿಗೆ ಚಿತ್ರದ ಗಾಜು. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲಲ್ಲಿ ಹತ್ತಿಸುತ್ತಿದ್ದಾಗ ಎರಡನೇ ಮಹಡಿಯ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಅದರ ಹಿಂದೆ, ಮೆಂತ್ಯ ಸೊಪ್ಪಿನ ಚೀಲ ಹಿಡಿದ ಯಶ್ಮಿತಾ ಸಿಕ್ಕಿಕೊಂಡಳು.

ಐದು ನಿಮಿಷ ತಾಳಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಸೊಸೈಟಿಯ ಚೇರ್ಮನ್ ಕಾಕಾನ ದನಿಯಲ್ಲಿ, ಮಧ್ಯಾಹ್ನ ಒಂದರಿಂದ ನಾಲ್ಕು ಸದ್ದು ಬೇಡವೆಂದು ಮರಾಠಿಯಲ್ಲಿ ಮೂಗಿನಿಂದಲೇ ಗುಡುಗಿದಳು: “ಅಹೋ! ಹೇ ಕಾಯ್ ಚಾಲಲಂಯ್? ದುಪಾರಿ ಏಕ್ ತೇ ಚಾರ್ ಆವಾಜ್ ನಕೋ!”

ಯಂತ್ರದ ಆ ಕಡೆ ಏನೋ ಧೊಪ್ಪೆಂದು ಬಿತ್ತು. “ಸಾರಿ ಕಾಕಾ! ದೋನ್ ಮಿನಿಟ್!” ಎಂದು ಒಂದು ಗಂಡು ದನಿ ನಡುಗಿತು. ಮರುಕ್ಷಣ ತಗ್ಗಿದ ದನಿಯಲ್ಲಿ, “ಅಯ್ಯ, ಈ ಮನಶ್ಯಾ ಮಧ್ಯಾಹ್ನ ಮಲಗೂದ ಇಲ್ಲೇನು...”

ಯಶ್ಮಿತಾ ನಕ್ಕ ರಭಸಕ್ಕೆ ಮೆಂತ್ಯ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಯಂತ್ರದ ಮೇಲಿಂದ ಒಂದು ತಲೆ ಇಣುಕಿತು. ಹುಬ್ಬಿನ ಮೇಲೆ ಗ್ರೀಸು, ಕಣ್ಣಲ್ಲಿ ಗಾಬರಿ, ಆ ಗಾಬರಿ ಕರಗಿ ತುಟಿಯ ಮೂಲೆಗೆ ಇಳಿದ ನಗು.

“ಕಾಕಾ ಎಲ್ರಿ?”

“ಕಾಕಾ ನಿದ್ದೆ ಮಾಡ್ತಿದಾರೆ. ನಾನು ಅವರ ಡ್ಯೂಟಿ ಮಾಡ್ತಿದೀನಿ.”

“ಭಾಳ ಕೆಟ್ಟ ಹುಡುಗಿ ಇದ್ದೀರಿ ನೀವು,” ಎಂದ ಅವನು, ಹೊಗಳಿಕೆಯ ದನಿಯಲ್ಲಿ.

ಶುರುವಾದದ್ದು ಅಲ್ಲಿಂದ. ಮಧ್ವೇಶನದು ಧಾರವಾಡದ ಮನೆತನ, ಹುಟ್ಟಿ ಬೆಳೆದದ್ದು ಪುಣೆ. ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ವಾರವೆಲ್ಲ ಕಂಪನಿ ಬಸ್ಸು, ಶನಿವಾರ ಬಂತೆಂದರೆ ಸ್ಕ್ರೂಡ್ರೈವರ್. ಯಶ್ಮಿತಾ ತಿಪಟೂರಿನವಳು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದೇ ಕೆಲಸವಾದ್ದರಿಂದ, “ನಿಮ್ಮ ಯಂತ್ರದಲ್ಲಿ ಎಷ್ಟು ತಪ್ಪಿದೆ ನೋಡೋಣ” ಎಂದು ಮೊದಲ ಶನಿವಾರ ಒಳಗೆ ಬಂದವಳು, ಮುಂದಿನ ಶನಿವಾರಗಳಲ್ಲಿ ನೆಪವಿಲ್ಲದೇ ಬಂದಳು.

ಹಾಲ್‌ನಲ್ಲಿ ಸೋಫಾ ಗೋಡೆಗೆ ಒತ್ತರಿಸಿ, ಯಂತ್ರದ ಹೊಟ್ಟೆ ಬಿಚ್ಚಿ, ಇಬ್ಬರೂ ಅದರೊಳಗೆ ತಲೆ ತೂರಿಸಿ ಕೂರುತ್ತಿದ್ದರು. ಬಣ್ಣಬಣ್ಣದ ವೈರುಗಳು, ಗಂಟೆಗಳು, ತಾಮ್ರದ ಸುರುಳಿಗಳು. ಕಾಯಿಲ್ ರಿಪೇರಿಗೆಂದು ಹೋದವಳಿಗೆ ತನಗೇ ಕಾಯಿಲೆ ಅಂಟಿದ್ದು ತಡವಾಗಿ ಗೊತ್ತಾಯಿತು. ಅವನು ಸೋಲ್ಡರ್ ಮಾಡುವಾಗ ಶೋಲ್ಡರ್ ತಗುಲುತ್ತಿತ್ತು. ಅವನು “ಸಾರಿ ರೀ” ಅನ್ನುತ್ತಿದ್ದ. ಆ ‘ರೀ’ ಕೇಳಿದಾಗೆಲ್ಲ ಅವಳಿಗೆ ಸೋಲ್ಡರಿಂಗ್ ಕಡ್ಡಿಯಿಂದ ಅವನ ನಾಲಿಗೆಗೇ ಒಂದು ಚುರುಕು ಮುಟ್ಟಿಸಬೇಕು ಅನ್ನಿಸುತ್ತಿತ್ತು.

“ಇದು ಏನು, ಗಂಟೆಯ ನಾಲಿಗೆ ಥರ ನೇತಾಡ್ತಿದೆ?” ಎಂದು ಒಮ್ಮೆ ಕೇಳಿದಳು. ಯಂತ್ರದ ಒಳಬದಿಯಲ್ಲಿ ಒಂದು ಲೋಹದ ಬಳೆ, ಬಳೆಯ ನಡುವೆ ಮುಟ್ಟೂ ಮುಟ್ಟದ ಹಾಗೆ ತೂಗುವ ಒಂದು ಗುಂಡು.

“ಅದು ಟಿಲ್ಟ್ ರೀ. ಚೆಂಡು ಕೆಳಗ ಬೀಳೂ ಮುಂದ ಆಡೋರು ಯಂತ್ರಕ್ಕ ಸಣ್ಣಗೆ ಧಕ್ಕಾ ಕೊಡ್ತಾರ. ಅಷ್ಟು ನಡೀತದ, ಆಟದ್ದ ಒಂದು ಭಾಗ ಅದು. ಜಾಸ್ತಿ ಜಗ್ಗಾಡಿದ್ರ ಈ ಗುಂಡು ಬಳೀಗೆ ತಾಗತದ. ತಾಗ್ತೋ, ಮುಗೀತು. ಎಲ್ಲಾ ಬಂದ್.”

“ಪಾಪ, ಸಿಟ್ಟು ಬಂದರೆ ಮಾತೇ ಆಡಲ್ಲ.”

“ಸಿಟ್ಟು ಅಲ್ಲ್ರಿ, ಮರ್ಯಾದಿ,” ಅಂದ ಅವನು. ಅಂದವನು ಅವಳನ್ನೇ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ವೈರು ನೋಡತೊಡಗಿದ.

ಇದರ ನಡುವೆ ಒಂದು ಚಿಂತೆ ಹತ್ತಿರವಾಗುತ್ತಿತ್ತು. ಪುಣೆಯಲ್ಲಿ ಬಾಡಿಗೆ ಮನೆಗೆ ಹನ್ನೊಂದು ತಿಂಗಳ ಅಗ್ರೀಮೆಂಟು. ಅವಳದ್ದು ಈ ತಿಂಗಳು ಮುಗಿಯುತ್ತಿತ್ತು. ಜೊತೆಗಿದ್ದ ಗೆಳತಿ ರಂಜಿನಿ ಆಫೀಸಿನ ಪಕ್ಕದಲ್ಲೇ, ವಾಕಡಿನಲ್ಲಿ ಮನೆ ನೋಡಿಟ್ಟಿದ್ದಳು.

“ದಿನಾ ಊರಿನ ಈ ತುದಿಯಿಂದ ಆ ತುದಿಗೆ ಹೋಗ್ತಿದೀಯ. ಯಾಕೆ ಹೇಳು?” ರಂಜಿನಿ ದೋಸೆ ಮಗುಚುತ್ತಾ ಕೇಳಿದಳು.

“ಇಲ್ಲಿ ಕಾತ್ರಜ್ ಬೆಟ್ಟದ ಗಾಳಿ ಚೆನ್ನಾಗಿದೆ.”

“ಗಾಳೀಗೆ ಹುಬ್ಬಿನ ಮೇಲೆ ಗ್ರೀಸ್ ಇರುತ್ತಾ? ನೋಡಮ್ಮ, ಮುಂದಿನ ವಾರ ಭಾನುವಾರದೊಳಗೆ ಓನರ್‌ಗೆ ಹೇಳ್ಬೇಕು. ಅವನ ಬಾಯಿಂದ ಒಂದು ಮಾತು ಬರುತ್ತೆ ಅಂದ್ರೆ ಇಲ್ಲೇ ಇರೋಣ. ಇಲ್ದಿದ್ರೆ ನಾನು ಪ್ಯಾಕರ್ಸ್‌ಗೆ ಫೋನ್ ಮಾಡ್ತೀನಿ.”

ಒಂದು ಮಾತು. ಯಶ್ಮಿತಾಗೆ ಊರಿನ ಎಲ್ಲರ ಮಾತು ಬರುತ್ತಿತ್ತು: ಚೇರ್ಮನ್ ಕಾಕಾ, ತನ್ನ ಮ್ಯಾನೇಜರ್, ಫೋನಿನಲ್ಲಿ ದಾರಿ ತೋರಿಸುವ ಹೆಂಗಸು, ಸೊಪ್ಪು-ಭಾಜಿ ಮಾರುವ ಮಾವಶಿ. ತನ್ನದೊಂದು ಮಾತು ಆಡಬೇಕಾದಾಗ ಮಾತ್ರ ಗಂಟಲಲ್ಲಿ ಯಾರೂ ಇರುತ್ತಿರಲಿಲ್ಲ.

ಆ ಶನಿವಾರವೇ ನೀಲಿಮಾ ಬಂದಳು.

ಮಧ್ವೇಶನ ಮನೆಯ ಬಾಗಿಲು ತೆರೆದದ್ದು ಯಶ್ಮಿತಾ. ಎದುರಿಗೆ ಹತ್ತಿಸೀರೆ, ಸಡಿಲ ಜಡೆ, ಕೈಯಲ್ಲಿ ಕುಂಚಗಳ ಡಬ್ಬಿ, ಎಡಮೂಗಿನಲ್ಲಿ ಮಿನುಗುವ ಒಂದೇ ಒಂದು ಹರಳು. ಬೆಳಗಾವಿ ಕಡೆಯವಳು, ಶಿವಾಜಿನಗರದ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವವಳು, ಮಧ್ವೇಶನ ಬಾಲ್ಯದ ಗೆಳತಿ. ಇದನ್ನೆಲ್ಲ ಅವನು ಹೇಳಿ ಮುಗಿಸುವ ಮೊದಲೇ ಅವಳು ಒಳಗೆ ಬಂದು ಜಾಗ ಗೊತ್ತಿರುವವಳ ಹಾಗೆ ಚಪ್ಪಲಿ ಬಿಟ್ಟಳು.

“ನೀಲೂ, ಬಾ, ಕೂಡು. ಚಾ ಮಾಡ್ಲೇನು?”

ಬಾ. ಕೂಡು. ಒಂದು ರೀ ಇಲ್ಲ, ಒಂದು ಗೀ ಇಲ್ಲ. ಯಶ್ಮಿತಾಳ ಒಳಗಿನ ಗುಂಡು ಮೊದಲ ಸಲ ಸಣ್ಣಗೆ ತೂಗಾಡಿತು.

“ರಾಣೀಗೆ ಮುಖ ಬರೀಲಿಕ್ಕೆ ನೀಲೂ ಒಪ್ಪಿದಳ್ರಿ,” ಎಂದ ಅವನು, ಹಬ್ಬದ ಸುದ್ದಿ ಹೇಳುವ ಹಾಗೆ. “ಮೊದಲಿನ ಮುಖ ಹೆಂಗಿತ್ತು ಅಂತ ಎಲ್ಲೂ ಫೋಟೋನ ಸಿಗಲಿಲ್ಲ. ಹೊಸಾದ ಬರೀಬೇಕು.”

“ಯಾರ ಮುಖ?” ಯಶ್ಮಿತಾ ಕೇಳಿದಳು.

ಅವನು ಕೆಂಪಾದ. ಎಂಜಿನಿಯರುಗಳು ಕೆಂಪಾಗುವುದು ಕಿವಿಯಿಂದ. “ಅದು... ನೋಡೂಣಂತ.”

ನೀಲಿಮಾ ಮಾತ್ರ ಯಶ್ಮಿತಾಳನ್ನು ನೋಡುತ್ತಿದ್ದಳು. ನೋಡುವುದೆಂದರೆ ಹಾಗೆ ಸುಮ್ಮನೆ ಅಲ್ಲ. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ, ಈ ಕೆನ್ನೆ, ಆ ಕೆನ್ನೆ, ಗಲ್ಲ, ಹುಬ್ಬು. “ನಿಮ್ಮ ಕಡೆ ಮೂಗುತಿ ಬಲಕ್ಕ ಚುಚ್ಚತಾರೇನ್ರಿ?” ಎಂದಳು ಕೊನೆಗೆ.

“ಹೌದು. ನಮ್ಮಜ್ಜಿ ಹಿಡ್ಕೊಂಡು ಚುಚ್ಚಿಸಿದ್ದು.”

“ಇಲ್ಲೆ ಎಲ್ಲಾರದೂ ಎಡಕ್ಕ.” ನೀಲಿಮಾ ನಕ್ಕಳು. “ನೋಡಲಿಕ್ಕೆ ಬ್ಯಾರೇನ ಕಾಣತದ.”

ಬೇರೆ. ಅಂದರೆ ಹೊರಗಿನವಳು. ಯಶ್ಮಿತಾಳ ಮೂಗಿನ ಮೇಲೆ ಮೂಗುಬೊಟ್ಟಿನ ಪಕ್ಕದಲ್ಲೇ ಕೋಪವೂ ಬಂದು ಕೂತಿತು.

ರಾಣಿಯ ಗಾಜು ಕಳಚಿ ಒಳಕೋಣೆ ಸೇರಿತು. ಬಾಗಿಲು ಮುಚ್ಚಿತು. “ಬಣ್ಣ ಹಸಿ ಅದ, ನೀವು ಒಳಗ ಬರಬ್ಯಾಡ್ರಿ,” ಎಂದು ಮಧ್ವೇಶ ಹೇಳಿದ. ಇಷ್ಟು ದಿನ ಯಂತ್ರದ ಕರುಳಿನೊಳಗೆ ಕೈ ಹಾಕಲು ಬಿಟ್ಟವನು ಈಗ ಒಂದು ಕೋಣೆಗೆ ಬಿಡುವುದಿಲ್ಲವಂತೆ. ಮುಚ್ಚಿದ ಬಾಗಿಲಾಚೆ ನೀಲಿಮಾಳ ನಗು, ಅವನ ಪಿಸುಮಾತು, “ಇಲ್ಲ ನೀಲೂ, ತುಟಿ ಹಂಗಲ್ಲ, ಇನ್ನೂ ಸ್ವಲ್ಪ...” ತುಟಿ! ಯಶ್ಮಿತಾ ಹಾಲ್‌ನಲ್ಲಿ ಕೂತು ಯಂತ್ರದ ಉಕ್ಕಿನ ಚೆಂಡನ್ನು ಬಟ್ಟೆಯಿಂದ ಉಜ್ಜಿದಳು. ಮಾತಿಲ್ಲದೆ, ಮಿಮಿಕ್ರಿಯಿಲ್ಲದೆ, ಚೆಂಡು ಸವೆದು ಗೋಲಿಯಾಗುವ ಹಾಗೆ ಉಜ್ಜಿದಳು. ಮಿರುಗುವ ಚೆಂಡಿನಲ್ಲಿ ತನ್ನದೇ ಮುಖ ದಪ್ಪ ಮೂಗಾಗಿ ಕಂಡಿತು. ತಲೆಯೆತ್ತಿದರೆ ನೀಲಿಮಾ ಬಾಗಿಲ ಸಂದಿನಲ್ಲಿ ನಿಂತು, ಕುಂಚ ಕಚ್ಚಿಕೊಂಡು, ಮತ್ತೆ ಅವಳನ್ನೇ ನೋಡುತ್ತಿದ್ದಳು.

“ಏನು?” ಯಶ್ಮಿತಾ ಕೇಳಿದಳು.

“ಏನಿಲ್ಲವಾ. ಹಂಗ ಇರ್ರಿ, ಹಂಗ,” ಎಂದು ನೀಲಿಮಾ ಒಳಗೆ ಮಾಯವಾದಳು.

ಹಾಗೇ ಇರಬೇಕಂತೆ! ಇನ್ನು ‘ಯಾಕೆ ಬಂದೆ’ ಎಂದು ಕೇಳುವುದೊಂದು ಬಾಕಿ.

ರಾತ್ರಿ ರಂಜಿನಿಯ ಮುಂದೆ ನೀಲಿಮಾಳ ಮಿಮಿಕ್ರಿ ಮಾಡಲು ಹೊರಟಳು. ಜಡೆ ಮುಂದೆ ಹಾಕಿಕೊಂಡಳು, ಕತ್ತು ಓರೆ ಮಾಡಿದಳು, ಬಾಯಿ ತೆರೆದಳು. ದನಿ ಬರಲಿಲ್ಲ. ಊರೆಲ್ಲ ಅಣಕಿಸುವವಳಿಗೆ ಅವಳೊಬ್ಬಳು ಮಾತ್ರ ದಕ್ಕಲಿಲ್ಲ. ರಂಜಿನಿ ತಟ್ಟೆ ಕೆಳಗಿಟ್ಟು, “ಅಯ್ಯೋ, ಇದು ಸೀರಿಯಸ್ಸು,” ಎಂದಳು.

ಮುಂದಿನ ವಾರದ ಒಂದು ಸಂಜೆ ನೀಲಿಮಾ ಫೋನಿನಲ್ಲಿ ಮಾತಾಡುತ್ತ ಬಾಲ್ಕನಿಗೆ ಹೋಗಿದ್ದಳು, ಮಧ್ವೇಶ ಹಾಲು ತರಲು ಇಳಿದಿದ್ದ, ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ತೆರೆದ ಬಾಗಿಲನ್ನು ನೋಡುವುದು ಕಳ್ಳತನವಲ್ಲ ಎಂದು ಯಶ್ಮಿತಾ ತನಗೆ ತಾನೇ ಹೇಳಿಕೊಂಡಳು. ಟೆಸ್ಟಿಂಗ್.

ಗಾಜು ಕಿಟಕಿಯ ಎದುರು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಸುತ್ತ ಪೇಪರು ಅಂಟಿಸಿ, ಮುಖದ ಜಾಗವೊಂದನ್ನೇ ಬಿಟ್ಟಿದ್ದರು. ಮೈಬಣ್ಣ ಇನ್ನೂ ತುಂಬಿರಲಿಲ್ಲ. ಬರೀ ಎರಡು ಕಣ್ಣು, ಹುಬ್ಬಿನ ಗೆರೆ, ಮುಚ್ಚಿದ ತುಟಿ ಸಂಜೆಯ ಬೆಳಕಿನಲ್ಲಿ ತೇಲುತ್ತಿದ್ದವು. ಮತ್ತೆ, ಮೂಗೇ ಇಲ್ಲದ ಮೂಗಿನ ಎಡಬದಿಯಲ್ಲಿ, ಒಂದು ಪುಟ್ಟ ಹರಳು.

ಪರದೇಶದಲ್ಲಿ ಹುಟ್ಟಿದ ಯಂತ್ರದ ರಾಣಿಗೆ ಮೂಗುಬೊಟ್ಟು ಎಲ್ಲಿಂದ ಬರಬೇಕು? ಎಡಮೂಗಿಗೆ, ಈ ಊರಿನ ಹಾಗೆ, ಬಾಲ್ಕನಿಯಲ್ಲಿ ನಗುತ್ತ ನಿಂತವಳ ಹಾಗೆ?

ಯಶ್ಮಿತಾ ಸದ್ದಿಲ್ಲದೆ ತನ್ನ ಮನೆಗೆ ಬಂದಳು. “ರಂಜೀ, ವಾಕಡ್ ಮನೆಗೆ ಬಾಲ್ಕನಿ ಇದೆಯಾ?”

“ಇದೆ. ಯಾಕೆ?”

“ಪ್ಯಾಕರ್ಸ್‌ಗೆ ಹೇಳ್ಬಿಡು.”

ಭಾನುವಾರ ಮಧ್ಯಾಹ್ನ ಮೊದಲ ಆಟ. ಚೇರ್ಮನ್ ಕಾಕಾನಿಂದ ವಿಶೇಷ ಅನುಮತಿ ಸಿಕ್ಕಿತ್ತು. ಗಾಜು ಮತ್ತೆ ಯಂತ್ರದ ತಲೆಯ ಮೇಲೆ ಕೂತಿತ್ತು, ಅದರ ಮೇಲೊಂದು ಚಾದರ. ನೀಲಿಮಾ ಸೋಫಾದಲ್ಲಿ ಚಹಾದ ಕಪ್ಪು ಹಿಡಿದು, ನಾಟಕಕ್ಕೆ ಮುಂದಿನ ಸಾಲಿನ ಟಿಕೆಟ್ ಸಿಕ್ಕವಳ ಹಾಗೆ ಕಾಲು ಮಡಚಿ ಕೂತಿದ್ದಳು.

“ಮೊದಲ ಚೆಂಡು ನಿಮ್ಮದು ರೀ,” ಎಂದ ಮಧ್ವೇಶ. ಇಸ್ತ್ರಿ ಮಾಡಿದ ಅಂಗಿ. ಹುಬ್ಬಿನ ಮೇಲೆ ಗ್ರೀಸ್ ಇರಲಿಲ್ಲ. ಅದಿಲ್ಲದೆ ಅವನ ಮುಖ ಬರಿದಾಗಿ, ಹೆದರಿದ ಹಾಗೆ ಕಂಡಿತು. “ಆಟ ಮುಗದ ಮ್ಯಾಲೆ ರಾಣೀನ್ನ ತೋರಸ್ತೀನಿ.”

ಯಶ್ಮಿತಾ ಹಿಡಿ ಎಳೆದು ಬಿಟ್ಟಳು. ಉಕ್ಕಿನ ಚೆಂಡು ಛಂಗನೆ ಹಾರಿತು. ಯಂತ್ರಕ್ಕೆ ಜೀವ ಬಂತು: ಟಿಣ್, ಟಿಣ್, ಠಣ್! ಅವಳೇ ತಿಕ್ಕಿದ ಗಂಟೆಗಳು, ಅವಳೇ ತೊಡಿಸಿದ ರಬ್ಬರುಗಳು. ಒಂದು ಕ್ಷಣ ಎಲ್ಲ ಮರೆತು ನಕ್ಕಳು. ಅವನು ಪಕ್ಕದಲ್ಲಿ ನಿಂತು ಚೆಂಡನ್ನಲ್ಲ, ಅವಳ ನಗುವನ್ನು ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಎಡಮೂಗಿನ ಹರಳೂ ನೆನಪಾಯಿತು.

ಕಣ್ಣು ಚೆಂಡಿನ ಮೇಲಿಟ್ಟು, ದಾರಿ ತೋರಿಸುವ ಹೆಂಗಸಿನ ದನಿಯಲ್ಲಿ ಹೇಳಿದಳು: “ಮುಂದಿನ ತಿರುವಿನಲ್ಲಿ ವಾಕಡ್ ಕಡೆಗೆ ತಿರುಗಿ. ಧನಕವಡಿ ನಿಮ್ಮ ಹಿಂದೆ ಉಳಿದಿದೆ.”

“ಅಂದ್ರ?”

“ಮನೆ ಬದಲಾಯಿಸ್ತಿದೀವಿ. ಈ ತಿಂಗಳ ಕೊನೆಗೆ.”

“ಯಾಕ್ರಿ?”

ಈಗ ಅವಳ ಗಂಟಲಿಗೆ ಚೇರ್ಮನ್ ಕಾಕಾ ಬಂದ, ಇಲ್ಲಿ ಸದ್ದು ಜಾಸ್ತಿ ಎಂದು ದೂರುತ್ತ: “ಇಕಡೇ ಆವಾಜ್ ಫಾರ್ ಜಾಸ್ತ್ ಆಹೇ!”

“ಯಶ್ಮಿತಾ ಅವರ.” ಅವನು ನಗಲಿಲ್ಲ. “ನಿಮ್ಮ ದನಿಯೊಳಗ ಹೇಳ್ರಿ.”

ಚೆಂಡು ಅದನ್ನು ಮೇಲಕ್ಕೆ ಹೊಡೆಯುವ ಎರಡು ಫ್ಲಿಪ್ಪರುಗಳ ನಡುವಿನ ಖಾಲಿಗೆ ಜಾರುತ್ತಿತ್ತು. ಯಶ್ಮಿತಾ ಎರಡೂ ಕೈಯಿಂದ ಯಂತ್ರವನ್ನು ದೂಡಿದಳು. ಸಣ್ಣಗಲ್ಲ. ವಾರವಿಡೀ ಕೂಡಿಟ್ಟ ಬಾ, ಕೂಡು, ನೀಲೂ, ತುಟಿ, ಎಲ್ಲವನ್ನೂ ಸೇರಿಸಿ ದೂಡಿದಳು.

ಒಳಗೆ ಗುಂಡು ಬಳೆಗೆ ತಾಗಿತು. ಗಂಟೆ ಸತ್ತಿತು, ದೀಪ ಸತ್ತಿತು. ಚಾದರದ ಕೆಳಗಿಂದ ಒಂದೇ ಒಂದು ದೀಪ, ಟಿಲ್ಟಿನದು, ಕೆಂಪಗೆ ಉರಿಯಿತು. ಚೆಂಡು ಮೌನವಾಗಿ ಉರುಳಿ ಹೋಯಿತು.

“ನಿಮ್ಮ ನೀಲೂ ಮೂಗು ನೋಡ್ಕೊಂಡು ಆರಾಮಾಗಿರಿ!” ಆ ದನಿ ಯಾರದೆಂದು ಯಶ್ಮಿತಾಗೇ ಗುರುತು ಸಿಗಲಿಲ್ಲ, ಒಡೆದ, ಒದ್ದೆ ದನಿ. “ನಾನು ನೋಡಿದೀನಿ. ರಾಣಿಗೆ ಎಡಮೂಗಿಗೆ ಹರಳು ಚುಚ್ಚಿಸಿ ಕೂರಿಸಿದೀರಲ್ಲ. ಅವಳಿಗೆ ಬಾ, ಕೂಡು. ನನಗೆ ಮಾತ್ರ ರೀ, ರೀ, ರೀ! ನಾನೇನು ನಿಮ್ಮ ಸೋದರತ್ತೇನಾ?”

ಸೋಫಾದ ಕಡೆಯಿಂದ ಚಹಾ ನೆತ್ತಿಗೇರಿದ ಸದ್ದು. ನೀಲಿಮಾ ಕೆಮ್ಮುತ್ತ, ಸೆರಗಿನಿಂದ ಕಣ್ಣೊರೆಸುತ್ತ ಕೇಳಿದಳು: “ಬಾಗಿಲದಾಗಿಂದ ನೋಡಿದಿ ಏನವಾ?”

“ಹೌದು.”

“ನಾ ಕೂಡೂ ಕಡೆಯಿಂದ?”

“ಹೌದು! ಏನೀಗ?”

“ಗಾಜಿನ ಚಿತ್ರ ಹಿಂದಿನಿಂದ ಬರೀತಾರ, ಹುಚ್ಚಿ. ಮೊದಲ ಮೂಗುತಿ, ಆಮ್ಯಾಲೆ ಮೂಗು. ಮೈಬಣ್ಣ ಎಲ್ಲಾಕ್ಕೂ ಕಡೀಕ. ಹಿಂದ ನಿಂತು ನೋಡಿದ್ರ ಬಲ ಎಡ ಆಗತದ.” ಎದ್ದು ಬಂದು ಮಧ್ವೇಶನ ಬೆನ್ನಿಗೊಂದು ಗುದ್ದಿದಳು. “ನಿಂತೀ ಏನು ಕಂಬದಂಗ? ತಗೀ ಚಾದರ!”

ಅವನು ಚಾದರ ಎಳೆದ. ಯಂತ್ರದ ಪಕ್ಕದ ಗುಂಡಿ ಒತ್ತಿ ಹೊಸ ಆಟ ಶುರುಮಾಡಿದ. ಗಾಜಿನ ಹಿಂದೆ ಒಂದೊಂದಾಗಿ ದೀಪ ಹತ್ತಿತು.

ರಾಣಿ ಯಶ್ಮಿತಾಳನ್ನು ನೋಡಿದಳು. ಕಿರೀಟದ ಕೆಳಗೆ ತುಸು ಅಗಲವಾದ ಹಣೆ; ಎತ್ತಿದ ಒಂದು ಹುಬ್ಬು; ಬಿಗಿಯಾಗಿ ಮುಚ್ಚಿದ ತುಟಿ; ಈಗ ಅತ್ತುಬಿಡುತ್ತೇನೆ, ಇಲ್ಲವೇ ನಿನ್ನನ್ನು ಕೊಂದುಬಿಡುತ್ತೇನೆ ಎನ್ನುವ ಕಣ್ಣು. ಬಲಮೂಗಿನಲ್ಲಿ, ಅಜ್ಜಿ ಹಿಡಿದುಕೊಂಡು ಚುಚ್ಚಿಸಿದ ಜಾಗದಲ್ಲಿ, ತಿಪಟೂರಿನ ಹರಳು.

“ಇವನ ಫೋನಿನಾಗ ನಿನ್ನ ಫೋಟೋ ರಗಡ ಇದ್ದು,” ಎಂದಳು ನೀಲಿಮಾ, ಚಪ್ಪಲಿ ಹುಡುಕುತ್ತ. “ಒಂದರಾಗ ಚೇರ್ಮನ್, ಒಂದರಾಗ ಮ್ಯಾನೇಜರ್, ಒಂದರಾಗ ಭಾಜಿ ಮಾರೂ ಮಾವಶಿ. ನೀ ಮಾತ್ರ ಒಂದರಾಗೂ ಇಲ್ಲ! ಕಡೀಕ ನಾನ ಬಂದು ಕೂತು ನೋಡಬೇಕಾತು. ನಾ ಬಂದಾಗ ಅಷ್ಟ ನಿನ್ನ ಖರೇ ಮುಖ ಹೊರಗ ಬರತಿತ್ತು. ಉರೀತಿದ್ದ್ಯಲ್ಲ, ಭಾಳ ಚಂದ ಉರೀತಿದ್ದಿ.”

“ಮತ್ತೆ ನೀವು... ಇವರು...”

“ಇವನ ಜೋಡಿ? ಒಂದು ತುಟೀಗೆ ಹತ್ತು ಸಲ ಬಣ್ಣ ಬದಲ ಮಾಡಿಸಿದವನ ಜೋಡಿ ಯಾರು ಸಂಸಾರ ಮಾಡ್ತಾರವಾ! ನೀನ ಮಾಡು.” ಬಾಗಿಲು ಹಾಕಿಕೊಂಡು ಹೋದಳು. ಮೆಟ್ಟಿಲಿಳಿಯುವ ನಗು ಎರಡನೇ ಮಹಡಿಯ ತಿರುವಿನವರೆಗೂ ಕೇಳಿಸಿತು.

ಹಾಲ್‌ನಲ್ಲಿ ಯಂತ್ರದ ಗುಂಯ್ ಸದ್ದು ಮಾತ್ರ ಉಳಿಯಿತು. ಮಧ್ವೇಶನ ಎರಡೂ ಕಿವಿ ಟಿಲ್ಟ್ ದೀಪಕ್ಕಿಂತ ಕೆಂಪಾಗಿದ್ದವು.

“ನೀಲೂಗ ‘ರೀ’ ಅನ್ನೂದು ನೆನಪ ಆಗೂದಿಲ್ಲ,” ಎಂದ ನೆಲ ನೋಡುತ್ತ. “ನಿಮಗ ಅನ್ನದಿದ್ರ ಏನೇನು ಬಾಯಿಗೆ ಬರತದೋ ಅಂತ ಹೆದರಿಕಿ ಇತ್ತು.”

“ಏನು ಬರುತ್ತೆ?”

ಅವನು ಮುಖವೆತ್ತಿದ. “ಹೋಗಬ್ಯಾಡ, ಯಶೂ.”

ರೀ ಬಿದ್ದಿತ್ತು. ಎಲ್ಲಿ ಬಿತ್ತೋ, ಯಾರೂ ಹುಡುಕಲಿಲ್ಲ.

ಯಶ್ಮಿತಾ ಅಭ್ಯಾಸಬಲದಿಂದ ಚೇರ್ಮನ್ ಕಾಕಾನನ್ನು ಕರೆಯಹೋದಳು. ಅವನು ಬರಲಿಲ್ಲ. ದಾರಿ ತೋರಿಸುವ ಹೆಂಗಸೂ ಕೈಕೊಟ್ಟಳು. ಗಂಟಲಲ್ಲಿ ಅವಳೊಬ್ಬಳೇ ಇದ್ದಳು, ಸ್ವಲ್ಪ ಗೊಗ್ಗರಾಗಿ.

“ನನಗೆ ನೀವಂದ್ರೆ ಇಷ್ಟ,” ಎಂದಳು. “ತುಂಬಾ ದಿನದಿಂದ. ಮೆಂತ್ಯ ಚೆಲ್ಲಿದ ದಿನದಿಂದ.”

ಅವನು ಹತ್ತಿರ ಬಂದ. ಈ ಸಲ ಶೋಲ್ಡರ್ ತಗುಲಿದರೂ ಸಾರಿ ಕೇಳಲಿಲ್ಲ. ಅವಳ ಹೆಗಲ ಮೇಲಿನ, ಚಾದರದಿಂದ ಉದುರಿದ ಧೂಳನ್ನು ಬೆರಳಿನಿಂದ ಮೆಲ್ಲಗೆ ಒರೆಸಿದ. ಹತ್ತಿಯಿರಲಿಲ್ಲ, ಉಗುರುಬೆಚ್ಚಗಿನ ನೀರೂ ಇರಲಿಲ್ಲ, ಕೈ ಮಾತ್ರ ಅದೇ.

ಒರೆಸಿದವನು, ಅವಳ ತಲೆಯ ಮೇಲಿಂದ ಗಾಜಿನ ಕಡೆ ನೋಡಿ ಮೆಚ್ಚುಗೆಯಿಂದ ಅಂದ: “ಭಾಳ ಚಂದ ಬಂದಾಳಲ್ಲ, ರಾಣಿ?”

ಯಶ್ಮಿತಾ ತಿರುಗಿ ನೋಡಿದಳು. ತನ್ನದೇ ಕಣ್ಣು, ತನ್ನದೇ ಮೂಗು, ಹಿಂದೆ ಅಷ್ಟೊಂದು ದೀಪ. ತನಗಿಲ್ಲದ ಕಿರೀಟ ಬೇರೆ. ಒಳಗಿನ ಗುಂಡು ಮತ್ತೆ ಸಣ್ಣಗೆ ತೂಗಿತು.

“ಅವಳನ್ನೇ ನೋಡ್ತಾ ಇರಿ, ಹಾಗಾದ್ರೆ,” ಎಂದಳು, ಬಿಗಿಯಾಗಿ ತುಟಿ ಮುಚ್ಚಿ, ಒಂದು ಹುಬ್ಬೆತ್ತಿ.

ಮಧ್ವೇಶ ಚಿತ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಆಮೇಲೆ ಬಗ್ಗಿ, ಇಷ್ಟು ತಿಂಗಳು ಒಂದೊಂದೇ ತಂತಿ ಕೂಡಿಸಿ ಬದುಕಿಸಿದ ಆ ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತ.